ಮಧ್ಯಮ ಬಜೆಟ್ಟಿಗೆ ಹಾರ್ಡ್‌ಟೇಲ್ ಎಂಟಿಬಿ: ಗೇರು ನೋಡಲಾ, ಫೋರ್ಕು ನೋಡಲಾ?

ಮಣ್ಣುಹಾದಿ:

ಎಲ್ಲರಿಗೂ ನಮಸ್ಕಾರ. ಒಂದು ಹಾರ್ಡ್‌ಟೇಲ್ ಎಂಟಿಬಿ (ಮುಂದೆ ಮಾತ್ರ ಸಸ್ಪೆನ್ಶನ್ ಇರುವ ಮೌಂಟನ್ ಬೈಕ್) ತಗೊಳ್ಳಬೇಕು ಅಂತಿದ್ದೇನೆ. ಇಷ್ಟು ದಿನ ಹೈಬ್ರಿಡ್ ಸೈಕಲ್ ಓಡಿಸುತ್ತಿದ್ದೆ. ಅದರಲ್ಲೇ ಕಾಡುದಾರಿಗೆ ನುಗ್ಗಿ ನುಗ್ಗಿ ಈಗ ಆ ದಾರಿಗಳ ರುಚಿ ಹತ್ತಿದೆ.

ಎತ್ತರ 172 ಸೆಂ.ಮೀ., ತೂಕ 78 ಕೆ.ಜಿ. ಹೆಚ್ಚಾಗಿ ಹೋಗುವುದು ಬೇರು, ಬಿಡಿಗಲ್ಲು ಇರುವ ಕಾಲುದಾರಿ. ಏರು ಜಾಸ್ತಿ, ಇಳಿಜಾರೂ ಅಷ್ಟೇ. ಆಗಾಗ ಡಾಂಬರು ರಸ್ತೆಯಲ್ಲಿ ಕೆಲಸಕ್ಕೂ ಇದರಲ್ಲೇ ಹೋಗುವ ಆಸೆ. ಮುಂದೆ ಸಣ್ಣ ಜಂಪ್ ಕಲಿಯಬೇಕು.

ಮೂರು ಸೈಕಲ್ ನೋಡಿಟ್ಟಿದ್ದೇನೆ. ಬೆಲೆ ಹೆಚ್ಚುಕಮ್ಮಿ ಒಂದೇ. ಮೊದಲನೆಯದರಲ್ಲಿ 12 ಸ್ಪೀಡಿನ ಶಿಮಾನೋ ಡಿಯೋರ್ ಗೇರು ಇದೆ, ಆದರೆ ಫೋರ್ಕು (ಮುಂದಿನ ಚಕ್ರ ಹಿಡಿಯುವ, ಏಟಿಗೆ ಕುಸಿಯುವ ಕವೆ) ಕಾಯಿಲ್ ಸ್ಪ್ರಿಂಗಿನದು, ಚಕ್ರಗಳಿಗೆ ಮುಂದೆ ಹಿಂದೆ ಕ್ವಿಕ್ ರಿಲೀಸ್ (ಲಿವರ್ ಮಡಚಿ ಬಿಗಿಯುವ ತೆಳು ಕಡ್ಡಿ). ಎರಡನೆಯದರಲ್ಲಿ 10 ಸ್ಪೀಡ್ ಗೇರು, 120 ಮಿ.ಮೀ. ಕುಸಿಯುವ ಏರ್ (ಗಾಳಿ ತುಂಬುವ) ಫೋರ್ಕು, ಎರಡೂ ಕಡೆ ಥ್ರೂ ಆಕ್ಸಲ್ (ಹಬ್ಬಿನ ಮೂಲಕ ಹಾದು ಬಿಗಿಯುವ ದಪ್ಪ ಆಕ್ಸಲ್). ಮೂರನೆಯದು ಸೆಕೆಂಡ್ ಹ್ಯಾಂಡ್, 4 ವರ್ಷ ಹಳೆಯದು, 140 ಮಿ.ಮೀ. ಫೋರ್ಕು, ಡ್ರಾಪರ್ ಸೀಟ್‌ಪೋಸ್ಟ್ (ಓಡಿಸುವಾಗಲೇ ಸೀಟು ಇಳಿಸಿ ಏರಿಸಬಹುದಾದ ಕಂಬ) ಎಲ್ಲ ಇದೆ. ಯಾವುದಕ್ಕೆ ಕೈ ಹಾಕಲಿ?

ಹಳೇಚೈನು:

ಹೊಸದಾದರೆ ಎರಡನೆಯದು, ಕಣ್ಣುಮುಚ್ಚಿ. ಕಾರಣ ಸ್ವಲ್ಪ ಉದ್ದ ಇದೆ, ಓದಿ.

ಸೈಕಲ್ಲಿನ ಕೆಲವು ಭಾಗಗಳು ಸವೆಯುವುದಕ್ಕೇ ಇರುವಂಥವು. ಚೈನು, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಂಪು), ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ), ಟೈರು, ಬ್ರೇಕ್ ಪ್ಯಾಡು. ಎಷ್ಟೇ ದುಬಾರಿಯದು ತಗೊಂಡರೂ ಒಂದು ದಿನ ಬದಲಾಯಿಸಲೇಬೇಕು. ಇನ್ನು ಕೆಲವು ಸೈಕಲ್ ಇರುವವರೆಗೂ ಇರುತ್ತವೆ. ಫ್ರೇಮು, ಫೋರ್ಕು, ಹಬ್ಬುಗಳು (ಚಕ್ರದ ನಡುವಿನ ಗುಂಬ). ನಿಮ್ಮ ದುಡ್ಡು ಮೊದಲು ಈ ಎರಡನೇ ಗುಂಪಿಗೆ ಹೋಗಬೇಕು. ಗೇರು ಸವೆದಾಗ ಹೇಗೂ ಹೊಸದು ಹಾಕುತ್ತೀರಿ, ಆಗ ಒಂದು ದರ್ಜೆ ಮೇಲಕ್ಕೆ ಹೋಗಬಹುದು. ಫೋರ್ಕು ಹಾಗಲ್ಲ. ಒಳ್ಳೆಯ ಫೋರ್ಕು ಬಿಡಿಯಾಗಿ ಕೊಳ್ಳಲು ಹೋದರೆ ಇಡೀ ಸೈಕಲ್ಲಿನ ಅರ್ಧ ಬೆಲೆಗೆ ಬಂದು ನಿಲ್ಲುತ್ತದೆ.

ಹಾಗಿದ್ದರೂ ಎಲ್ಲರ ಕಣ್ಣು ಮೊದಲು ಹೋಗುವುದು ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಮೇಲೆ. ತಯಾರಕರಿಗೂ ಇದು ಗೊತ್ತು. ಅದಕ್ಕೇ ಎಷ್ಟೋ ಸೈಕಲ್ಲುಗಳಲ್ಲಿ ಡಿರೇಲರ್ ಮಾತ್ರ ಒಂದು ದರ್ಜೆ ಮೇಲಿನದು, ಶಿಫ್ಟರ್, ಕ್ಯಾಸೆಟ್, ಕ್ರ್ಯಾಂಕು, ಹಬ್ಬು ಕೆಳಗಿನ ದರ್ಜೆಯವು ಇರುತ್ತವೆ. ಒಂದೊಂದನ್ನೂ ಬಿಡಿಬಿಡಿಯಾಗಿ ಓದಿ.

12 ಸ್ಪೀಡ್ ಇದ್ದರೆ ಏರು ಹತ್ತುವುದು ತುಂಬಾ ಸುಲಭ ಅಂದುಕೊಳ್ಳಬೇಡಿ. ಲೆಕ್ಕ ಹಾಕೋಣ. 10 ಸ್ಪೀಡಿನಲ್ಲಿ 11-46 ಕ್ಯಾಸೆಟ್ (ಅತಿ ಸಣ್ಣ ಚಕ್ರಕ್ಕೆ 11, ಅತಿ ದೊಡ್ಡದಕ್ಕೆ 46 ಹಲ್ಲು), ಮುಂದೆ 30 ಹಲ್ಲಿನ ಚೈನ್‌ರಿಂಗ್ ಇದೆ ಅಂದುಕೊಳ್ಳಿ. ಅತಿ ಹಗುರ ಗೇರಿನ ಅನುಪಾತ 0.65. 12 ಸ್ಪೀಡಿನಲ್ಲಿ 10-51 ಕ್ಯಾಸೆಟ್, ಮುಂದೆ 32 ಹಲ್ಲು. ಅನುಪಾತ 0.63. 29 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಒಂದರಲ್ಲಿ ಗಂಟೆಗೆ 5.4 ಕಿ.ಮೀ., ಇನ್ನೊಂದರಲ್ಲಿ 5.2 ಕಿ.ಮೀ. ವೇಗ. ಕಾಲಿಗೆ ಗೊತ್ತಾಗುವ ವ್ಯತ್ಯಾಸ ಅಲ್ಲ ಇದು. ವ್ಯತ್ಯಾಸ ಕಾಣುವುದು ವೇಗದ ತುದಿಯಲ್ಲಿ. ನಿಮಿಷಕ್ಕೆ 90 ಸುತ್ತಿನಲ್ಲಿ 10 ಸ್ಪೀಡಿನದು 34 ಕಿ.ಮೀ.ಗೆ ಮುಗಿಯುತ್ತದೆ, 12 ಸ್ಪೀಡಿನದು 40 ಮುಟ್ಟುತ್ತದೆ. ಅದು ಬೇಕಾಗುವುದು ರಸ್ತೆಯಲ್ಲಿ, ಕಾಡಿನಲ್ಲಿ ಅಲ್ಲ.

ಡಿರೇಲರಿನಲ್ಲಿ ನೋಡಬೇಕಾದ್ದು ಒಂದೇ, ಕ್ಲಚ್ ಇದೆಯಾ ಅಂತ. ಕ್ಲಚ್ ಇದ್ದರೆ ಬೇರಿನ ಮೇಲೆ ಹಾರುವಾಗ ಚೈನು ಅಷ್ಟಾಗಿ ಕುಣಿಯುವುದಿಲ್ಲ, ಬೀಳುವುದೂ ಕಮ್ಮಿ. ಸ್ಪೀಡು ಎಷ್ಟೇ ಇರಲಿ, ಇದು ಮುಖ್ಯ.

ಮಣ್ಣುಹಾದಿ:

ತುಂಬಾ ಧನ್ಯವಾದ ಸರ್. ಗೇರಿನ ಲೆಕ್ಕ ಹೀಗೆ ಯಾರೂ ಹೇಳಿರಲಿಲ್ಲ. ಒಂದು ಅನುಮಾನ. ಮೊದಲನೆಯದನ್ನು ತಗೊಂಡು ಮುಂದೆ ದುಡ್ಡಾದಾಗ ಫೋರ್ಕು ಬದಲಾಯಿಸಿದರೆ? ಕಾಯಿಲ್ ಫೋರ್ಕಿನಿಂದ ನಿಜವಾಗಿ ಏನು ತೊಂದರೆ?

ಪಾನಪೆಟ್ಟಿಗೆ:

ಸೈಕಲ್ ರಿಪೇರಿ ನನ್ನ ಕೆಲಸ. ಇದಕ್ಕೆ ನಾನು ಉತ್ತರ ಕೊಡುತ್ತೇನೆ.

ಮೊದಲು ಕಾಯಿಲ್. ಕಾಯಿಲ್ ಸ್ಪ್ರಿಂಗೇ ಕೆಟ್ಟದ್ದು ಅಂತಲ್ಲ. ಬೆಲೆಬಾಳುವ ಕಾಯಿಲ್ ಫೋರ್ಕುಗಳು ತುಂಬಾ ನಯವಾಗಿ ಕೆಲಸ ಮಾಡುತ್ತವೆ. ತೊಂದರೆ ಇರುವುದು ಕಡಿಮೆ ಬೆಲೆಯವುಗಳಲ್ಲಿ. ಸ್ಪ್ರಿಂಗ್ ಯಾವುದೋ ಒಂದು ಸರಾಸರಿ ತೂಕಕ್ಕೆ ಹಾಕಿರುತ್ತಾರೆ. 55 ಕೆ.ಜಿ.ಯವರಿಗೆ ಅದು ಗಟ್ಟಿ, 95 ಕೆ.ಜಿ.ಯವರಿಗೆ ಮೆತ್ತಗೆ. ಮೇಲಿರುವ ಪ್ರಿಲೋಡ್ ತಿರುಪು ತಿರುಗಿಸಿದರೆ ಸ್ಪ್ರಿಂಗಿನ ಗಟ್ಟಿತನ ಬದಲಾಗುವುದಿಲ್ಲ, ಶುರುವಿನ ಒತ್ತಡ ಮಾತ್ರ ಬದಲಾಗುತ್ತದೆ. ಏರ್ ಫೋರ್ಕಿನಲ್ಲಾದರೆ ಶಾಕ್ ಪಂಪ್ ಹಚ್ಚಿ ನಿಮ್ಮ ತೂಕಕ್ಕೆ ಸರಿಯಾಗಿ ಗಾಳಿ ತುಂಬಬಹುದು. ಕಡಿಮೆ ಬೆಲೆಯ ಕಾಯಿಲ್ ಫೋರ್ಕಿನಲ್ಲಿ ರಿಬೌಂಡ್ (ಕುಸಿದದ್ದು ವಾಪಸ್ ಬರುವ ವೇಗ) ಹೊಂದಾಣಿಕೆಯೂ ಹೆಚ್ಚಾಗಿ ಇರುವುದಿಲ್ಲ. ಹಾಗಾಗಿ ಕುಸಿದದ್ದು ಚಿಮ್ಮಿ ವಾಪಸ್ ಬರುತ್ತದೆ. ಸಾಲಾಗಿ ಬೇರು ಬಂದರೆ ಮುಂದಿನ ಚಕ್ರ ನೆಲ ಬಿಟ್ಟು ಪುಟಿಯುತ್ತದೆ, ಹಿಡಿತ ಹೋಗುತ್ತದೆ. ತೂಕದಲ್ಲೂ ಅರ್ಧ ಕೆ.ಜಿ. ಆಸುಪಾಸು ವ್ಯತ್ಯಾಸ ಬರುತ್ತದೆ.

ಹೆಸರು ಹೇಳುವುದಾದರೆ ಸನ್‌ಟೂರ್ ಕಂಪನಿಯ ಫೋರ್ಕುಗಳಲ್ಲಿ ಎಕ್ಸ್‌ಸಿಟಿ, ಎಕ್ಸ್‌ಸಿಎಂ ಕಾಯಿಲ್. ರೇಡನ್, ಎಪಿಕ್ಸನ್ ಏರ್. ಎಕ್ಸ್‌ಸಿಆರ್ ಎರಡೂ ಬಗೆಯಲ್ಲಿ ಬರುತ್ತದೆ, ಅದಕ್ಕೆ ಸ್ಟಿಕ್ಕರ್ ನೋಡಿ ನಂಬಬೇಡಿ. ಫೋರ್ಕಿನ ಎಡಗಾಲಿನ ಮೇಲ್ತುದಿಯ ಮುಚ್ಚಳ ತೆಗೆದು ಗಾಳಿ ವಾಲ್ವ್ ಇದೆಯಾ ನೋಡಿ.

ಇನ್ನು ಆಮೇಲೆ ಬದಲಾಯಿಸುವ ವಿಚಾರ. ಇಲ್ಲಿ ಫ್ರೇಮಿನ ಅಳತೆಗಳು ಅಡ್ಡ ಬರುತ್ತವೆ. ಈಗಿನ ಒಳ್ಳೆಯ ಫೋರ್ಕುಗಳೆಲ್ಲ ಬಹುತೇಕ ಟೇಪರ್ಡ್ ಸ್ಟೀರರ್ (ಫ್ರೇಮಿನೊಳಗೆ ಹೋಗುವ ಫೋರ್ಕಿನ ಕೊಳವೆ) ಇರುವಂಥವು, ಅಂದರೆ ಕೆಳಗೆ 1.5 ಇಂಚು, ಮೇಲೆ ಒಂದೂಕಾಲಿಗಿಂತ ಸ್ವಲ್ಪ ಕಮ್ಮಿ. ಫ್ರೇಮಿನ ಹೆಡ್ ಟ್ಯೂಬ್ (ಆ ಕೊಳವೆ ಕೂರುವ ಮುಂದಿನ ಭಾಗ) ಹಳೆಯ ಕಾಲದ ನೇರ, ಸಣ್ಣ ಬಗೆಯದಾದರೆ ಟೇಪರ್ಡ್ ಫೋರ್ಕು ಒಳಗೆ ಹೋಗುವುದೇ ಇಲ್ಲ. ಒಳ ಅಳತೆ 44 ಮಿ.ಮೀ. ಇದ್ದರೆ ಮಾತ್ರ ಕೆಳಗೆ ಹೊರಗಿನ ಕಪ್ ಹಾಕಿ ಕೂರಿಸಬಹುದು.

ಆಮೇಲೆ ಆಕ್ಸಲ್. ನಿಮ್ಮ ಮೊದಲನೇ ಸೈಕಲ್ಲಿನ ಮುಂದಿನ ಹಬ್ಬು 100 ಮಿ.ಮೀ. ಕ್ವಿಕ್ ರಿಲೀಸ್ ಇರಬಹುದು. ಹೊಸ ಫೋರ್ಕು ಹೆಚ್ಚಾಗಿ 15×110 (15 ಮಿ.ಮೀ. ದಪ್ಪ, ಹಬ್ಬಿನ ಅಗಲ 110) ಥ್ರೂ ಆಕ್ಸಲ್ ಬೇಡುತ್ತದೆ. ಅಲ್ಲಿಗೆ ಫೋರ್ಕಿನ ಜೊತೆ ಚಕ್ರವೂ ಹೊಸದು. ಹಿಂದೆಯೂ ಅದೇ ಕಥೆ. 12×148 ಇದ್ದರೆ ಚಿಂತೆ ಇಲ್ಲ, ಇನ್ನೂ ಬಹಳ ವರ್ಷ ಬಿಡಿಭಾಗ ಸಿಗುತ್ತವೆ. 12×142 ಸ್ವಲ್ಪ ಹಳೆಯದು, ಆದರೂ ಪರವಾಗಿಲ್ಲ. 135 ಮಿ.ಮೀ. ಕ್ವಿಕ್ ರಿಲೀಸ್ ಆದರೆ ಒಳ್ಳೆಯ ಚಕ್ರ ಹುಡುಕುವುದೇ ಕಷ್ಟ.

ಅಂದಹಾಗೆ ನೀವು ನೋಡಿದ 10 ಸ್ಪೀಡಿನ ಹಬ್ಬಿನಲ್ಲಿ ಶಿಮಾನೋ ಎಚ್‌ಜಿ ಬಗೆಯ ಫ್ರೀಹಬ್ (ಕ್ಯಾಸೆಟ್ ಕೂರುವ ಭಾಗ) ಇರಬಹುದು, ಕೇಳಿ ನೋಡಿ. ಅದಕ್ಕೆ ಮುಂದೆ 11 ಸ್ಪೀಡಿನ 11-51 ಡಿಯೋರ್ ಕ್ಯಾಸೆಟ್ ನೇರವಾಗಿ ಕೂರುತ್ತದೆ. 12 ಸ್ಪೀಡ್ ಡಿಯೋರಿನ 10-51ಕ್ಕೆ ಮಾತ್ರ ಮೈಕ್ರೋಸ್ಪ್ಲೈನ್ ಅನ್ನುವ ಬೇರೆ ಬಗೆಯ ಫ್ರೀಹಬ್ ಬೇಕು.

ಇಳಿಜಾರು:

ಎಲ್ಲರೂ ಬಿಡಿಭಾಗದ ಬಗ್ಗೆಯೇ ಮಾತಾಡುತ್ತಿದ್ದೀರಿ. ಜ್ಯಾಮೆಟ್ರಿ (ಫ್ರೇಮಿನ ಕೋನ, ಅಳತೆಗಳು) ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಅದೇ. ಫೋರ್ಕನ್ನಾದರೂ ಬದಲಾಯಿಸಬಹುದು. ಫ್ರೇಮಿನ ಕೋನ ಬದಲಾಯಿಸಲು ಆಗುವುದಿಲ್ಲ.

ಮೂರೂ ಸೈಕಲ್ಲಿನ ಜ್ಯಾಮೆಟ್ರಿ ಪಟ್ಟಿ ತೆಗೆದು ಹೆಡ್ ಆಂಗಲ್ (ಹೆಡ್ ಟ್ಯೂಬ್ ನೆಲಕ್ಕೆ ಮಾಡುವ ಕೋನ) ನೋಡಿ. 68, 69 ಡಿಗ್ರಿ ಇದ್ದರೆ ಅದು ಕ್ರಾಸ್ ಕಂಟ್ರಿ ಸ್ವಭಾವ. ತಿರುವಿನಲ್ಲಿ ಚುರುಕು, ಏರಿನಲ್ಲಿ ಸಲೀಸು, ಕಡಿದಾದ ಇಳಿಜಾರಿನಲ್ಲಿ ಮಾತ್ರ ಮುಂದಕ್ಕೆ ಮುಗ್ಗರಿಸುವ ಹಾಗೆ ಅನ್ನಿಸುತ್ತದೆ. 65, 66 ಇದ್ದರೆ ಟ್ರೇಲ್ ಸೈಕಲ್. ಮುಂದಿನ ಚಕ್ರ ದೂರದಲ್ಲಿರುತ್ತದೆ, ಇಳಿಯುವಾಗ ಧೈರ್ಯ ಬರುತ್ತದೆ. 64ಕ್ಕೂ ಕೆಳಗಾದರೆ ಅದು ಇಳಿಜಾರಿಗೆಂದೇ ಮಾಡಿದ ಗಟ್ಟಿ ಹಾರ್ಡ್‌ಟೇಲ್.

ಹಾರ್ಡ್‌ಟೇಲಿನಲ್ಲಿ ಇನ್ನೊಂದು ವಿಷಯ ಇದೆ, ಬಹಳ ಜನ ಗಮನಿಸುವುದಿಲ್ಲ. ಫುಲ್ ಸಸ್ಪೆನ್ಶನ್ ಸೈಕಲ್ ಮೇಲೆ ಕೂತರೆ ಮುಂದೂ ಹಿಂದೂ ಕುಸಿಯುತ್ತದೆ, ಕೋನ ಅಷ್ಟಾಗಿ ಬದಲಾಗುವುದಿಲ್ಲ. ಹಾರ್ಡ್‌ಟೇಲಿನಲ್ಲಿ ಕುಸಿಯುವುದು ಮುಂದೆ ಮಾತ್ರ. ಫೋರ್ಕು 20 ಮಿ.ಮೀ. ಕುಸಿದರೆ ಹೆಡ್ ಆಂಗಲ್ ಸುಮಾರು 1 ಡಿಗ್ರಿ ನೇರವಾಗುತ್ತದೆ. 140 ಮಿ.ಮೀ. ಪೂರ್ತಿ ಕುಸಿದರೆ ಸುಮಾರು 7 ಡಿಗ್ರಿ! ಅದಕ್ಕೇ ಪಟ್ಟಿಯಲ್ಲಿ 65 ಇದ್ದದ್ದು ನೀವು ಮೇಲೆ ಹತ್ತಿದ ಕೂಡಲೇ 66 ಆಗಿರುತ್ತದೆ. ಹಾಗಾಗಿ ಹಾರ್ಡ್‌ಟೇಲಿಗೆ ಸ್ವಲ್ಪ ಹೆಚ್ಚು ಇಳಿಜಾರಾದ, ಅಂದರೆ ಕಮ್ಮಿ ಡಿಗ್ರಿಯ ಕೋನವೇ ಒಳ್ಳೆಯದು. 120ರಿಂದ 140 ಮಿ.ಮೀ. ಫೋರ್ಕು ಸಾಕು. ಅದಕ್ಕಿಂತ ಉದ್ದ ಹಾಕಿದರೆ ಕೋನ ಓಲಾಡುವುದೇ ಜಾಸ್ತಿ.

ರೀಚ್ (ಪೆಡಲ್ ತಿರುಗುವ ನಡುವಿನಿಂದ ಹೆಡ್ ಟ್ಯೂಬಿನ ಮೇಲ್ತುದಿಗೆ ಇರುವ ಅಡ್ಡ ಅಂತರ) ಕೂಡ ನೋಡಿ. ಪೆಡಲ್ ಮೇಲೆ ಎದ್ದು ನಿಂತಾಗ ನಿಮಗೆ ಸಿಗುವ ಜಾಗ ಅದು. ನಿಮ್ಮ ಎತ್ತರಕ್ಕೆ 430ರಿಂದ 455 ಮಿ.ಮೀ. ಒಳಗೆ ಇದ್ದರೆ ಹೊಂದುತ್ತದೆ. ಸೀಟ್ ಟ್ಯೂಬ್ ಆಂಗಲ್ 75 ಡಿಗ್ರಿ ಆಸುಪಾಸು ಇದ್ದರೆ ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಮೇಲೇಳುವುದಿಲ್ಲ.

ದೂರದಾರಿ:

ಇಳಿಜಾರು ಅವರೇ, ನಿಮ್ಮ ಮಾತಿನಲ್ಲಿ ತಪ್ಪಿಲ್ಲ. ಆದರೆ ಎಲ್ಲರನ್ನೂ 65 ಡಿಗ್ರಿಗೆ ಕಳಿಸಬೇಡಿ ಅಂತ ನನ್ನ ವಿನಂತಿ. ನಾನು ಉದ್ದ ದಾರಿ, ಏರು, ಕಚ್ಚಾ ರಸ್ತೆ ಓಡಿಸುವವನು. ಸಮತಟ್ಟು ದಾರಿಯಲ್ಲಿ, ನಿಧಾನವಾದ ಬಿಗಿ ತಿರುವುಗಳಲ್ಲಿ ಆ ಸೈಕಲ್ಲುಗಳು ಮಂಕಾಗುತ್ತವೆ. ಏರಿನಲ್ಲಿ ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ. ಓಡಿಸುವ ಹೊತ್ತಿನ ಬಹುಪಾಲು ಏರು, ಸಮತಟ್ಟಿನಲ್ಲೇ ಕಳೆಯುವವರಿಗೆ 67, 68 ಡಿಗ್ರಿ, 100ರಿಂದ 120 ಮಿ.ಮೀ. ಫೋರ್ಕು, ಹಗುರವಾದ ಟೈರು ಕೊಡುವಷ್ಟು ಖುಷಿ ಬೇರೆ ಯಾವುದೂ ಕೊಡುವುದಿಲ್ಲ. ಸ್ಪೆಷಲೈಸ್ಡ್ ಚಿಸೆಲ್ ಹಾರ್ಡ್‌ಟೇಲ್ ಥರದ ಕ್ರಾಸ್ ಕಂಟ್ರಿ ಸೈಕಲ್ ಒಂದು ಲೋಕ, ಟ್ರೆಕ್ ರಾಸ್ಕೋ ಥರದ ಟ್ರೇಲ್ ಸೈಕಲ್ ಇನ್ನೊಂದು ಲೋಕ. ಎರಡಕ್ಕೂ ಹಾರ್ಡ್‌ಟೇಲ್ ಅಂತಲೇ ಹೆಸರು, ಅಷ್ಟೇ.

ಇನ್ನೊಂದು ಮಾತು. ಮುಂದೆ ಅಪ್‌ಗ್ರೇಡ್ ಮಾಡಬಹುದು ಅಂತ ಯೋಚಿಸಿ ಸೈಕಲ್ ಕೊಳ್ಳುವುದನ್ನೇ ನಾನು ಒಪ್ಪುವುದಿಲ್ಲ. ತಯಾರಕರಿಗೆ ಸಗಟು ಬೆಲೆಯಲ್ಲಿ ಸಿಗುವ ಭಾಗ ನಮಗೆ ಬಿಡಿ ಬೆಲೆಯಲ್ಲಿ ಸಿಗುತ್ತದೆ. ಫೋರ್ಕು, ಚಕ್ರ, ಬ್ರೇಕು ಒಂದೊಂದಾಗಿ ಬದಲಾಯಿಸುತ್ತಾ ಹೋದರೆ ಕೊನೆಗೆ ಎರಡು ಸೈಕಲ್ಲಿನ ದುಡ್ಡು ಒಂದಕ್ಕೆ ಸುರಿದಿರುತ್ತೀರಿ. ಇವತ್ತೇ ಹೇಗಿದೆಯೋ ಹಾಗೇ ಚೆನ್ನಾಗಿರುವ ಸೈಕಲ್ ತಗೊಳ್ಳಿ.

ಹಳೇಚೈನು:

ದೂರದಾರಿ ಸರ್, ಪೂರ್ತಿ ಒಪ್ಪಿದೆ. ನಾನು ಹೇಳಿದ್ದೂ ಅದಕ್ಕೇ. ಬದಲಾಯಿಸಲು ದುಬಾರಿ ಆಗುವುದು ಮೊದಲ ದಿನವೇ ಸರಿಯಾಗಿರಬೇಕು. ಸವೆದಾಗ ಬದಲಾಯಿಸುವುದು ಅಪ್‌ಗ್ರೇಡ್ ಖರ್ಚು ಅಲ್ಲ, ಓಡಿಸುವ ಖರ್ಚು. ಹೊಸ ಸೈಕಲ್ಲಿಗೆ ಮೊದಲ ತಿಂಗಳೇ ಫೋರ್ಕು ಹುಡುಕುವ ಸ್ಥಿತಿ ಬರಬಾರದು.

ಮಣ್ಣುಹಾದಿ ಅವರು ಜಂಪ್ ಕಲಿಯಬೇಕು ಅಂದಿದ್ದಾರೆ, ಬೇರಿನ ದಾರಿ ಅಂದಿದ್ದಾರೆ. ಅವರಿಗೆ 66 ಡಿಗ್ರಿ ಆಸುಪಾಸೇ ಸರಿ ಅನ್ನಿಸುತ್ತದೆ. ಕೆಲಸಕ್ಕೆ ಹೋಗುವುದಕ್ಕಾಗಿ ಸೈಕಲ್ಲಿನ ಬಗೆ ಬದಲಾಯಿಸಬೇಡಿ. ಅದಕ್ಕೆ ಫೋರ್ಕು ಕುಸಿಯದ ಹಾಗೆ ಲಾಕೌಟ್ ಹಾಕಿ, ಟೈರಿಗೆ ಸ್ವಲ್ಪ ಗಾಳಿ ಜಾಸ್ತಿ ತುಂಬಿದರೆ ಆಯಿತು.

ಬೇರುಬಂಡೆ:

ನಾನು 157 ಸೆಂ.ಮೀ. ಎತ್ತರ. ಸೈಜಿನ ಬಗ್ಗೆ ನನ್ನ ಮಾತನ್ನೂ ಕೇಳಿ, ಬೇರೆ ಹೆಣ್ಣುಮಕ್ಕಳಿಗೂ ಉಪಯೋಗ ಆಗಬಹುದು.

ಒಂದು ಅಂಗಡಿಯಲ್ಲಿ ನನಗೆ ಮೀಡಿಯಂ ಸೈಕಲ್ ಮಾರಲು ತುಂಬಾ ಪ್ರಯತ್ನಪಟ್ಟರು. ಸ್ಮಾಲ್ ಅವರ ಹತ್ತಿರ ಇರಲಿಲ್ಲ. ಸೀಟು ಇಳಿಸಿದರೆ ಆಯಿತು, ಸ್ಟೆಮ್ (ಹ್ಯಾಂಡಲ್ ಹಿಡಿದಿಡುವ ಭಾಗ) ಗಿಡ್ಡ ಮಾಡಿದರೆ ಆಯಿತು ಅಂದರು. ಫ್ರೇಮಿನ ಮೇಲಿನ ಕೊಳವೆ, ಟಾಪ್ ಟ್ಯೂಬಿನ ಮೇಲೆ ಕಾಲು ಅಗಲಿಸಿ ನಿಂತರೆ ಎರಡು ಬೆರಳು ಜಾಗವೂ ಇಲ್ಲ. ನಾನು ಬೇಡ ಅಂದು ಎದ್ದು ಬಂದೆ. ರಿಯಾಯಿತಿ ಎಷ್ಟೇ ಇರಲಿ, ಸೈಜು ಸರಿ ಇಲ್ಲದ ಸೈಕಲ್ ಮೇಲೆ ಇಳಿಜಾರಿನಲ್ಲಿ ಭಯವೇ ಬಿಡುವುದಿಲ್ಲ.

ಚಕ್ರದ ವಿಚಾರಕ್ಕೆ ಬಂದರೆ, ಕೆಲವು ತಯಾರಕರು ಸಣ್ಣ ಸೈಜಿಗೆ 27.5 ಇಂಚು, ದೊಡ್ಡ ಸೈಜಿಗೆ 29 ಇಂಚು ಕೊಡುತ್ತಾರೆ. ನನ್ನದು 27.5. ಗಿಡ್ಡ ಇರುವವರಿಗೆ ಇದರಲ್ಲಿ ಸೀಟಿನ ಹಿಂದಕ್ಕೆ ಜರುಗಲು ಜಾಗ ಸಿಗುತ್ತದೆ, ಹಿಂದಿನ ಚಕ್ರ ತಾಗುವುದಿಲ್ಲ. 29 ಚಕ್ರ ಗುಂಡಿ, ಬೇರುಗಳ ಮೇಲೆ ಸಲೀಸಾಗಿ ಉರುಳುತ್ತದೆ ಅನ್ನುವುದು ನಿಜ. 172 ಸೆಂ.ಮೀ. ಇರುವವರಿಗೆ 29 ಆರಾಮಾಗಿ ಹೊಂದುತ್ತದೆ.

ಸೀಟ್ ಟ್ಯೂಬ್ ಗಿಡ್ಡ ಇರುವ ಫ್ರೇಮೇ ಹುಡುಕಿ ಅಂತಲೂ ಹೇಳುತ್ತೇನೆ. ಡ್ರಾಪರ್ ಪೋಸ್ಟ್ ಎಷ್ಟು ಉದ್ದದ್ದು ಕೂರುತ್ತದೆ ಅನ್ನುವುದು ಅದರ ಮೇಲೇ ನಿಂತಿದೆ.

ಇಳಿಜಾರು:

ಸರಿಯಾಗಿ ಹೇಳಿದಿರಿ ಮೇಡಂ. ಡ್ರಾಪರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹಾರ್ಡ್‌ಟೇಲಿನಲ್ಲಿ ಹಿಂದೆ ಸಸ್ಪೆನ್ಶನ್ ಇಲ್ಲ, ನಮ್ಮ ಮೊಣಕಾಲೇ ಸಸ್ಪೆನ್ಶನ್. ಸೀಟು ಎತ್ತರದಲ್ಲಿದ್ದರೆ ಮೊಣಕಾಲು ಮಡಚಲು ಜಾಗ ಎಲ್ಲಿ? ಹಾಗಾಗಿ ಹಾರ್ಡ್‌ಟೇಲಿಗೇ ಡ್ರಾಪರ್ ಜಾಸ್ತಿ ಬೇಕು. ಸೈಕಲ್ಲಿನಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಸೀಟ್ ಟ್ಯೂಬ್ ಒಳ ಅಳತೆ 30.9 ಅಥವಾ 31.6 ಮಿ.ಮೀ. ಇದೆಯಾ, ಫ್ರೇಮಿನೊಳಗೆ ಡ್ರಾಪರ್ ಕೇಬಲ್ ಹೋಗಲು ತೂತು ಇದೆಯಾ ನೋಡಿಟ್ಟುಕೊಳ್ಳಿ. 27.2 ಆದರೆ ಆಯ್ಕೆ ತುಂಬಾ ಕಮ್ಮಿ.

ಉಕ್ಕಿನಗೂಡು:

ಇಷ್ಟು ಹೊತ್ತಾದರೂ ಸ್ಟೀಲ್ ಫ್ರೇಮಿನ ಹೆಸರು ಬರಲಿಲ್ಲ. 4130 ಕ್ರೋಮೋಲಿ (ಒಂದು ಬಗೆಯ ಗಟ್ಟಿ ಮಿಶ್ರ ಉಕ್ಕು) ಫ್ರೇಮು ಅಲ್ಯೂಮಿನಿಯಂಗಿಂತ ಮುಕ್ಕಾಲರಿಂದ ಒಂದು ಕೆ.ಜಿ. ಭಾರ ಇರಬಹುದು, ಒಪ್ಪುತ್ತೇನೆ. ಆದರೆ ಕಲ್ಲಿಗೆ ಬಡಿದರೆ ತಾಳಿಕೊಳ್ಳುತ್ತದೆ, ಬಿರುಕು ಬಿಟ್ಟರೆ ವೆಲ್ಡ್ ಮಾಡಬಹುದು. ಓಡಿಸುವಾಗಲೂ ಒಂದು ಮೆತ್ತನೆಯ ಅನುಭವ ಇದೆ. ನನ್ನ ಸ್ಟೀಲ್ ಸೈಕಲ್ ಬಿಟ್ಟು ಬೇರೆಯದಕ್ಕೆ ಹೋಗುವ ಮನಸ್ಸೇ ಆಗಿಲ್ಲ.

ದೂರದಾರಿ:

ಸ್ಟೀಲಿನ ಬಾಳಿಕೆ ಬಗ್ಗೆ ಎರಡು ಮಾತಿಲ್ಲ. ಆದರೆ ಮೆತ್ತಗೆ ಅನ್ನುವುದು ನನಗೆ ಒಪ್ಪಿಗೆ ಆಗುವುದಿಲ್ಲ. ಹಿಂದಿನ ತ್ರಿಕೋನ ಯಾವ ಲೋಹದ್ದಾದರೂ ಮೇಲೆ ಕೆಳಗೆ ಬಾಗುವುದು ತೀರಾ ಕಮ್ಮಿ. 2.4 ಇಂಚಿನ ಟೈರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಅಮುಕುತ್ತದೆ. ಗಾಳಿ 3 ಪಿಎಸ್ಐ ಇಳಿಸಿದರೆ ಸಿಗುವ ಆರಾಮ ಫ್ರೇಮಿನ ಲೋಹ ಬದಲಾಯಿಸಿದರೆ ಸಿಗುವುದಿಲ್ಲ. ಮಧ್ಯಮ ಬಜೆಟ್ಟಿನಲ್ಲಿ ಅಲ್ಯೂಮಿನಿಯಂ ತಗೊಂಡು ಮಿಕ್ಕ ದುಡ್ಡನ್ನು ಫೋರ್ಕು, ಟೈರಿಗೆ ಹಾಕುವುದೇ ಜಾಣತನ. ಕಾರ್ಬನ್ ಬಗ್ಗೆ ಈ ಬಜೆಟ್ಟಿನಲ್ಲಿ ಯೋಚನೆಯೇ ಬೇಡ.

ಉಕ್ಕಿನಗೂಡು:

ಟೈರಿನ ಮಾತು ನಿಜ. ಆದರೂ ಉದ್ದ ಸವಾರಿಯಲ್ಲಿ ಕೈಗೆ, ಬೆನ್ನಿಗೆ ನನಗೆ ವ್ಯತ್ಯಾಸ ಗೊತ್ತಾಗುತ್ತದೆ. ಸಿಕ್ಕರೆ ಎರಡನ್ನೂ ಒಂದೇ ಟೈರು, ಒಂದೇ ಗಾಳಿಯಲ್ಲಿ ಓಡಿಸಿ ನೋಡಿ ಅಂತಷ್ಟೇ ಹೇಳುತ್ತೇನೆ. ಮಳೆಯಲ್ಲಿ ಓಡಿಸಿದರೆ ಸ್ಟೀಲ್ ಫ್ರೇಮಿನ ಒಳಗೆ ತುಕ್ಕು ತಡೆಯುವ ಸ್ಪ್ರೇ ಹೊಡೆಯಲು ಮರೆಯಬೇಡಿ.

ಹೊಸಪೆಡಲ್:

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ಬಜೆಟ್ ಮಣ್ಣುಹಾದಿ ಅವರ ಅರ್ಧವೂ ಇಲ್ಲ. ಕಾಲೇಜು ಹುಡುಗ ನಾನು. ಏರ್ ಫೋರ್ಕು, ಥ್ರೂ ಆಕ್ಸಲ್ ಎಲ್ಲ ಕನಸು. ನನಗೆ ಏನಾದರೂ ದಾರಿ ಇದೆಯಾ ಅಣ್ಣಾ?

ಪಾನಪೆಟ್ಟಿಗೆ:

ಕ್ಷಮೆ ಯಾಕೆ ತಮ್ಮಾ, ಖಂಡಿತ ಇದೆ. ನಿನ್ನ ಬಜೆಟ್ಟಿನಲ್ಲಿ ಮೂರು ವಿಷಯ ಗಟ್ಟಿಯಾಗಿ ಹಿಡಿದುಕೋ.

ಮೊದಲು ಹಿಂದಿನ ಹಬ್ಬು. 7 ಸ್ಪೀಡ್ ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಹಬ್ಬಿಗೆ ತಿರುಪಿನ ಹಾಗೆ ತಿರುಗಿಸಿ ಕೂರಿಸುವ ಫ್ರೀವೀಲ್ (ಹಲ್ಲುಚಕ್ರಗಳ ಗುಂಪು) ಇರುತ್ತದೆ. ಅದರಲ್ಲಿ ಬಲಗಡೆಯ ಬೇರಿಂಗ್ ಆಕ್ಸಲ್ ತುದಿಯಿಂದ ತುಂಬಾ ಒಳಗೆ ಇರುತ್ತದೆ. ಕಾಡಿನಲ್ಲಿ ಹಾರಿಸಿದರೆ ಆಕ್ಸಲ್ ಬಾಗುತ್ತದೆ, ಮುರಿಯುವುದೂ ಉಂಟು. ಕ್ಯಾಸೆಟ್ ಹಬ್ಬು ಇರುವುದನ್ನೇ ನೋಡು. ಶಿಮಾನೋ 9 ಸ್ಪೀಡ್ ಅಥವಾ ಮೈಕ್ರೋಶಿಫ್ಟ್ ಅಡ್ವೆಂಟ್ ಗೇರು ಇದ್ದರೆ ಚಿಂತೆ ಇಲ್ಲ. ಅಡ್ವೆಂಟಿನಲ್ಲಿ ಕ್ಲಚ್ ಇರುವ ಡಿರೇಲರ್ ಕೂಡ ಸಿಗುತ್ತದೆ.

ಎರಡು, ಬ್ರೇಕು. ಹೈಡ್ರಾಲಿಕ್ ಡಿಸ್ಕ್ ಇರಲಿ. ಶಿಮಾನೋ ಎಂಟಿ200 ಥರದ ಕೆಳ ದರ್ಜೆಯ ಹೈಡ್ರಾಲಿಕ್ ಬ್ರೇಕು ಕೂಡ ಒಂದೇ ಬೆರಳಿನಲ್ಲಿ ನಂಬಿಕೆಯಿಂದ ನಿಲ್ಲಿಸುತ್ತದೆ. ಕೇಬಲ್ ಡಿಸ್ಕಿನಲ್ಲಿ ಉದ್ದ ಇಳಿಜಾರು ಇಳಿದರೆ ಕೈ ಸೋಲುತ್ತದೆ.

ಮೂರನೆಯದು, ಸಸ್ಪೆನ್ಶನ್ ಇಲ್ಲದ ಗಟ್ಟಿ ಫೋರ್ಕಿನ ಸೈಕಲ್ ಸಿಕ್ಕರೆ ಅದನ್ನೂ ತಳ್ಳಿಹಾಕಬೇಡ. ಹೆಸರಿಗೆ ಮಾತ್ರ ಕುಸಿಯುವ ಕಳಪೆ ಫೋರ್ಕಿಗಿಂತ ಗಟ್ಟಿ ಫೋರ್ಕು, ಅಗಲ ಟೈರು ಹಗುರ, ಕೆಡುವುದೂ ಕಡಿಮೆ. ಹಿಂದೆಯೂ ಶಾಕ್ ಇದೆ ಅಂತ ತೋರಿಸುವ ಅಗ್ಗದ ಸೈಕಲ್ ಹತ್ತಿರ ಮಾತ್ರ ಸುಳಿಯಬೇಡ. ಭಾರ, ಸಡಿಲ, ರಿಪೇರಿಗೂ ಬಗ್ಗುವುದಿಲ್ಲ.

ಎಲ್ಲಕ್ಕಿಂತ ಮೊದಲು ಹೆಲ್ಮೆಟ್ಟಿಗೆ ದುಡ್ಡು ಎತ್ತಿಡು. ಪಂಪು, ಒಂದು ಟ್ಯೂಬು, ಸಣ್ಣ ಟೂಲು, ಕೈಗವಸು ಇವೂ ಬಜೆಟ್ಟಿನ ಒಳಗೇ ಬರಬೇಕು.

ಹೊಸಪೆಡಲ್:

ಫ್ರೀವೀಲ್ ವಿಷಯ ಗೊತ್ತೇ ಇರಲಿಲ್ಲ ಅಣ್ಣಾ. ನೋಡಿಟ್ಟಿದ್ದ ಸೈಕಲ್ ಅದೇ ಬಗೆಯದು. ಈಗ ಬೇರೆ ಹುಡುಕುತ್ತೇನೆ.

ಪಾನಪೆಟ್ಟಿಗೆ:

ಮಣ್ಣುಹಾದಿ ಸರ್, ನಿಮ್ಮ ಸೆಕೆಂಡ್ ಹ್ಯಾಂಡ್ ಸೈಕಲ್ ಬಗ್ಗೆ ಯಾರೂ ಹೇಳಲಿಲ್ಲ. 4 ವರ್ಷ ಅಂದರೆ ಏನೂ ಹಳೆಯದಲ್ಲ. ಸ್ಥಿತಿ ಚೆನ್ನಾಗಿದ್ದರೆ ಮೂರರಲ್ಲಿ ಅದೇ ಒಳ್ಳೆಯದಾಗಬಹುದು. ಹೋಗಿ ನೋಡುವಾಗ ಟಾರ್ಚು, ಬಟ್ಟೆ ತಗೊಂಡು ಹೋಗಿ.

ಫ್ರೇಮನ್ನು ಒರೆಸಿ, ಹೆಡ್ ಟ್ಯೂಬ್ ಮತ್ತು ಡೌನ್ ಟ್ಯೂಬ್ ಸೇರುವ ವೆಲ್ಡ್, ಸೀಟ್ ಟ್ಯೂಬಿನ ಮೇಲ್ತುದಿ, ಹಿಂದೆ ಡಿಸ್ಕ್ ಬ್ರೇಕ್ ಕೂರುವ ಜಾಗ ಇಲ್ಲೆಲ್ಲ ಬೆಳಕು ಹಿಡಿದು ನೋಡಿ. ಪೇಂಟಿನಲ್ಲಿ ಕೂದಲಿನಂಥ ಗೆರೆ ಇದ್ದರೆ ಅನುಮಾನಪಡಿ. ಅಲ್ಯೂಮಿನಿಯಂ ಬಿರುಕು ಬಿಟ್ಟರೆ ಅಲ್ಲಿಗೆ ಮುಗಿಯಿತು.

ಫೋರ್ಕಿನ ಹೊಳೆಯುವ ಕಾಲುಗಳ ಮೇಲೆ ಉಗುರು ಎಳೆಯಿರಿ. ಸೀಲ್ ಓಡಾಡುವ ಭಾಗದಲ್ಲಿ ಉಗುರಿಗೆ ಸಿಗುವ ಗೀರು ಇದ್ದರೆ ಎಣ್ಣೆ ಸೋರುತ್ತದೆ, ದುಬಾರಿ ರಿಪೇರಿ. ಕೊನೆಯ ಸರ್ವಿಸ್ ಯಾವಾಗ ಆಯಿತು ಕೇಳಿ. ರಾಕ್‌ಶಾಕ್ಸ್ ಫೋರ್ಕುಗಳಿಗೆ ಕೆಳಗಿನ ಕಾಲುಗಳ ಸರ್ವಿಸ್ 50 ಗಂಟೆ ಸವಾರಿಗೊಮ್ಮೆ ಅಂತ ತಯಾರಕರೇ ಹೇಳುತ್ತಾರೆ. 4 ವರ್ಷದಲ್ಲಿ ಒಮ್ಮೆಯೂ ಆಗಿಲ್ಲ ಅಂದರೆ ಆ ಖರ್ಚು ಬೆಲೆಯಲ್ಲಿ ಇಳಿಸಿ.

ಮುಂದಿನ ಬ್ರೇಕು ಹಿಡಿದು ಸೈಕಲ್ ಹಿಂದೆ ಮುಂದೆ ಅಲ್ಲಾಡಿಸಿ, ಹೆಡ್‌ಸೆಟ್ಟಿನಲ್ಲಿ (ಫೋರ್ಕು ತಿರುಗುವ ಬೇರಿಂಗಿನಲ್ಲಿ) ಟಕ್ ಟಕ್ ಅಂತ ಸಡಿಲ ಗೊತ್ತಾಗುತ್ತದೆ. ಡ್ರಾಪರ್ ಇಳಿಸಿ ಹಾಗೇ ಬಿಟ್ಟು, ಸೀಟು ಹಿಡಿದು ಸೈಕಲ್ ಎತ್ತಿ. ತಾನಾಗಿ ಮೇಲೆ ಬಂದರೆ ಅದಕ್ಕೂ ಕೆಲಸ ಇದೆ. ಚೈನಿಗೆ ಸವೆತ ಅಳೆಯುವ ಗೇಜು ಹಾಕಿ. 11, 12 ಸ್ಪೀಡ್ ಚೈನು 0.5 ಶೇಕಡಾ ದಾಟಿದ್ದರೆ ಬದಲಾಯಿಸಬೇಕು. ಹಾಗೇ ಓಡಿಸಿದ್ದರೆ ಕ್ಯಾಸೆಟ್ಟೂ ಹೋಗಿರುತ್ತದೆ. ಬ್ರೇಕ್ ಎಣ್ಣೆ ಯಾವುದು ತಿಳಿದುಕೊಳ್ಳಿ. ಶಿಮಾನೋಗೆ ಮಿನರಲ್ ಆಯಿಲ್, ಸ್ರ್ಯಾಮ್‌ನ ಹಳೆಯ ಮಾದರಿಗಳಲ್ಲಿ ಹೆಚ್ಚಿನವಕ್ಕೆ ಡಾಟ್ ಅನ್ನುವ ಬ್ರೇಕ್ ದ್ರವ. ಒಂದರ ಬದಲು ಇನ್ನೊಂದು ಹಾಕಿದರೆ ಸೀಲುಗಳು ಹಾಳು.

ಕೊಂಡ ಬಿಲ್ಲು ಕೇಳುವುದು, ಫ್ರೇಮ್ ನಂಬರ್ ಹೊಂದಿಸಿ ನೋಡುವುದು ಮರೆಯಬೇಡಿ. ಕದ್ದ ಸೈಕಲ್ ನಮ್ಮ ಕೈಗೆ ಬರಬಾರದು.

ಮಣ್ಣುಹಾದಿ:

ಇವತ್ತು ಹೋಗಿ ನೋಡಿ ಬಂದೆ. ಫ್ರೇಮು ಚೆನ್ನಾಗಿದೆ. ಆದರೆ ಫೋರ್ಕಿನ ಬಲಗಾಲಿನಲ್ಲಿ ಉಗುರಿಗೆ ಸಿಗುವ ಗೀರು ಇದೆ. ಫೋರ್ಕು ಕುಸಿಸಿದಾಗ ಎಣ್ಣೆಯ ಉಂಗುರವೂ ಬಂತು. ಸರ್ವಿಸ್ ಯಾವತ್ತೂ ಆಗಿಲ್ಲವಂತೆ. ಬೆಲೆ ಇಳಿಸಲು ಅವರು ಒಪ್ಪಲಿಲ್ಲ. ಬಿಟ್ಟೆ.

ಎರಡನೆಯದರ ಜ್ಯಾಮೆಟ್ರಿ ನೋಡಿದೆ. ಹೆಡ್ ಆಂಗಲ್ 66, ಮೀಡಿಯಂ ಸೈಜಿನಲ್ಲಿ ರೀಚ್ 440, ಸೀಟ್ ಟ್ಯೂಬ್ 75. ಹಿಂದೆ 12×148, ಸೀಟ್‌ಪೋಸ್ಟ್ 30.9, ಡ್ರಾಪರ್ ಕೇಬಲ್ಲಿಗೆ ತೂತು ಇದೆ. ಕೂತು ನೋಡಿದೆ, ಆರಾಮಾಗಿದೆ. ಅದನ್ನೇ ಬುಕ್ ಮಾಡಿದ್ದೇನೆ. ಬಂದ ಮೇಲೆ ಗಾಳಿ, ಫೋರ್ಕು ಎಲ್ಲ ಎಷ್ಟಕ್ಕೆ ಇಡಲಿ? ರಿಮ್ಮಿನ ಮೇಲೆ ಟ್ಯೂಬ್‌ಲೆಸ್ ರೆಡಿ ಅಂತ ಬರೆದಿದೆ.

ಇಳಿಜಾರು:

ತುಂಬಾ ಖುಷಿಯಾಯಿತು! ಒಳ್ಳೆಯ ಆಯ್ಕೆ.

ಮೊದಲು ಫೋರ್ಕು. ಸವಾರಿಯ ಬಟ್ಟೆ, ಬ್ಯಾಗು ಸಮೇತ ಪೆಡಲ್ ಮೇಲೆ ನಿಂತು ಸ್ಯಾಗ್ (ನಿಮ್ಮ ತೂಕಕ್ಕೇ ಫೋರ್ಕು ಎಷ್ಟು ಕುಸಿಯುತ್ತದೆ ಅನ್ನುವುದು) ಅಳೆಯಿರಿ. ಹಾರ್ಡ್‌ಟೇಲಿಗೆ 20 ಶೇಕಡಾ ಆಸುಪಾಸು ಸಾಕು, ನಿಮ್ಮ 120ರಲ್ಲಿ ಸುಮಾರು 24 ಮಿ.ಮೀ. ರಿಬೌಂಡ್ ನಡುವೆ ಇಟ್ಟು ಶುರು ಮಾಡಿ. ಮುಂದಿನ ಚಕ್ರ ಪುಟಿದರೆ ನಿಧಾನ ಮಾಡಿ, ಸಾಲು ಬೇರಿನಲ್ಲಿ ಫೋರ್ಕು ಕೆಳಗೇ ಕೂತರೆ ವೇಗ ಮಾಡಿ. ಒಂದು ಸಲಕ್ಕೆ ಒಂದು ಕ್ಲಿಕ್ ಮಾತ್ರ.

ಮೊದಲ ತಿಂಗಳಲ್ಲೇ ಟ್ಯೂಬು ತೆಗೆದು ಟ್ಯೂಬ್‌ಲೆಸ್ ಮಾಡಿಸಿ. ಟೈರು ಕೂಡ ಟ್ಯೂಬ್‌ಲೆಸ್ ರೆಡಿ ಇದೆಯಾ ನೋಡಿಕೊಳ್ಳಿ. ಟೇಪು, ವಾಲ್ವು, ಸೀಲಂಟ್ (ಸಣ್ಣ ತೂತು ಮುಚ್ಚುವ ದ್ರವ) ಇಷ್ಟೇ ಖರ್ಚು. ಕಡಿಮೆ ಗಾಳಿಯಲ್ಲಿ ಓಡಿಸಬಹುದು, ಕಲ್ಲಿಗೆ ಬಡಿದು ಟ್ಯೂಬು ಕಚ್ಚಿಕೊಂಡು ಪಂಕ್ಚರ್ ಆಗುವುದು ತಪ್ಪುತ್ತದೆ. ನಿಮ್ಮ ತೂಕಕ್ಕೆ 2.4 ಇಂಚಿನ ಟೈರಿನಲ್ಲಿ ಮುಂದೆ 21, ಹಿಂದೆ 25 ಪಿಎಸ್ಐ ಇಟ್ಟು ನೋಡಿ. ಟ್ಯೂಬು ಇರುವವರೆಗೂ ಎರಡಕ್ಕೂ 4 ಪಿಎಸ್ಐ ಸೇರಿಸಿ. ರಿಮ್ಮು ಕಲ್ಲಿಗೆ ತಾಗಿದ ಸದ್ದು ಬಂದರೆ ಹಿಂದೆ 2 ಏರಿಸಿ. ಹಾರ್ಡ್‌ಟೇಲಿನಲ್ಲಿ ಏಟು ತಿನ್ನುವುದು ಹಿಂದಿನ ರಿಮ್ಮೇ.

ಹೊಸ ಬ್ರೇಕು ಮೊದಲ ದಿನ ಅಷ್ಟಾಗಿ ಹಿಡಿಯುವುದಿಲ್ಲ, ಹೆದರಬೇಡಿ. ಬಯಲಿನಲ್ಲಿ ವೇಗ ಪಡೆದು, ಚಕ್ರ ಲಾಕ್ ಆಗದ ಹಾಗೆ ಒಂದಿಪ್ಪತ್ತು ಸಲ ನಿಧಾನ ಮಾಡಿ. ಪ್ಯಾಡು, ರೋಟರ್ ಒಂದಕ್ಕೊಂದು ಹೊಂದಿಕೊಂಡ ಮೇಲೆ ಹಿಡಿತ ಬರುತ್ತದೆ.

ಮಣ್ಣುಹಾದಿ:

ಬರೆದಿಟ್ಟುಕೊಂಡೆ. ಸೈಕಲ್ ಜೊತೆ ಬರುವ ಪ್ಲಾಸ್ಟಿಕ್ ಪೆಡಲ್ ಇಟ್ಟುಕೊಳ್ಳಲಾ? ಕೆಲವರು ಶೂ ಕಚ್ಚಿಕೊಳ್ಳುವ ಪೆಡಲ್ ಹಾಕಿಸಿ ಅನ್ನುತ್ತಾರೆ.

ದೂರದಾರಿ:

ನಾನು ಶೂ ಕಚ್ಚುವ ಪೆಡಲೇ ಬಳಸುವುದು. ಉದ್ದ ಏರಿನಲ್ಲಿ ಅದು ಕೊಡುವ ಸಹಾಯ ದೊಡ್ಡದು. ಆದರೆ ನೀವು ಜಂಪ್ ಕಲಿಯುವವರೆಗೆ ಫ್ಲಾಟ್ ಇರಲಿ. ಅದರಲ್ಲಿ ಕಾಲು ಇಡುವ ರೀತಿ ಸರಿಯಾಗಿ ಕಲಿಯುತ್ತೀರಿ, ಬೀಳುವಾಗ ಕಾಲು ಬೇಗ ನೆಲಕ್ಕೆ ಬರುತ್ತದೆ. ಜೊತೆಗೆ ಬರುವ ಪೆಡಲ್ ಮಾತ್ರ ಬೇಡ, ಒದ್ದೆಯಾದರೆ ಜಾರುತ್ತದೆ. ಬದಲಾಯಿಸಬಹುದಾದ ಲೋಹದ ಪಿನ್ನುಗಳಿರುವ ಅಗಲ ಫ್ಲಾಟ್ ಪೆಡಲ್, ಮೆತ್ತನೆಯ ರಬ್ಬರ್ ತಳದ ಶೂ ತಗೊಳ್ಳಿ. ಎಡಗಡೆ ಪೆಡಲಿನ ತಿರುಪಿನ ಥ್ರೆಡ್ ಉಲ್ಟಾ ಇರುತ್ತದೆ, ತಿರುಗಿಸುವಾಗ ನೆನಪಿರಲಿ. ಥ್ರೆಡ್ಡಿಗೆ ಗ್ರೀಸ್ ಹಚ್ಚಿ ಹಾಕಿ, ಇಲ್ಲದಿದ್ದರೆ ಮುಂದೆ ಬಿಚ್ಚುವುದು ಕಷ್ಟ.

ಬೇರುಬಂಡೆ:

ಮೊಣಕಾಲಿನ ಪ್ಯಾಡ್ ಕೂಡ ಹಾಕಿಕೊಳ್ಳಿ. ಆ ಪಿನ್ನುಗಳು ಕಾಲಿಗೆ ತಾಗಿದರೆ ಚೆನ್ನಾಗಿಯೇ ಗೀರುತ್ತವೆ, ಕಣಕಾಲನ್ನೂ ಮುಚ್ಚುವಂಥದ್ದು ಸಿಕ್ಕರೆ ಅದನ್ನೇ ತಗೊಳ್ಳಿ.